ನಾಲ್ಕು ರೈಲು, ನಾಲ್ಕು ಜನ, ಒಂದು ಲೆಕ್ಕದ ಶೀಟು



ಎರಡು ತಿಂಗಳಿಂದ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ: "ಅಣ್ಣಾ, ಯುರೋಪ್ ಎಪಿಸೋಡ್ ಎಲ್ಲಿ?" ಫೋಟೋ ಹಾಕಿದ್ದೆ, ರೀಲ್ ಹಾಕಿದ್ದೆ, ಎಪಿಸೋಡ್ ಮಾತ್ರ ಮಾಡಿರಲಿಲ್ಲ. ಸೋಮಾರಿತನ ಅಲ್ಲ. ಇದರಲ್ಲಿ ನನ್ನದಲ್ಲದ ಕಥೆಯೊಂದಿದೆ. ಅದನ್ನ ಹೇಳೋಕೆ ಒಬ್ಬನ ಒಪ್ಪಿಗೆ ಬೇಕಿತ್ತು. ಕಳೆದ ವಾರ ಸಿಕ್ತು. "ಹೆಸರು ಬೇಡ, ಉಳಿದದ್ದು ಹೇಳ್ಕೋ" ಅಂದ. ಹಾಗಾಗಿ ಯಾರ ಹೆಸರೂ ಇಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರ್ತಿದ್ದವನನ್ನ ಬೆಂಚ್‌ಮೇಟ್ ಅಂತೀನಿ. ಅವನ ಯೂನಿವರ್ಸಿಟಿ ಗೆಳೆಯನನ್ನ ಮಂಡ್ಯ, ಗೆಳತಿಯನ್ನ ಶಿರಸಿ ಅಂತೀನಿ. ಮೂವರೂ ಜರ್ಮನಿಯಲ್ಲಿ ಮಾಸ್ಟರ್ಸ್ ಓದ್ತಿದ್ದಾರೆ. ನಾನೊಬ್ಬನೇ ಇಲ್ಲಿಂದ ಹೋದವನು, ಬಿಕಾಂ ಮಾಡಿ ಹಗಲು ಬೇರೆಯವರ ಜಿಎಸ್‌ಟಿ ಫೈಲ್ ಮಾಡಿ ರಾತ್ರಿ ನಿಮ್ಮ ಕಿವಿಗೆ ಬರೋ ಪ್ರಾಣಿ.

ಕಾಲ, 2025ರ ಸೆಪ್ಟೆಂಬರ್ ಕೊನೆ. ಅವರಿಗೆ ಸೆಮಿಸ್ಟರ್ ರಜೆ. ದಾರಿ: ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಕೊನೆಗೆ ಮ್ಯೂನಿಕ್. ಹತ್ತು ದಿನ, ನಾಲ್ಕು ರೈಲು.

ಮೊದಲು ಪಾಸ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅರ್ಧ ಮೆಸೇಜ್ ಇದರ ಬಗ್ಗೆನೇ ಇದೆ. ಯುರೋಪಿನ ಹೊರಗೆ ವಾಸ ಇರೋರಿಗೆ ಯೂರೇಲ್, ಒಳಗೆ ವಾಸ ಇರೋರಿಗೆ ಇಂಟರ್‌ರೇಲ್. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದಲ್ಲ, ಇರೋದು ಎಲ್ಲಿ ಅನ್ನೋದು ಮುಖ್ಯ. ಅಂದ್ರೆ ನಾಲ್ವರದ್ದೂ ಒಂದೇ ಪಾಸ್‌ಪೋರ್ಟ್, ಆದರೆ ಅವರು ಮೂವರಿಗೆ ಇಂಟರ್‌ರೇಲ್, ನನಗೆ ಯೂರೇಲ್. ಇನ್ನೊಂದು, ಯುವಕರ ರಿಯಾಯಿತಿ 27 ವರ್ಷದವರೆಗೆ ಮಾತ್ರ. ನನಗೆ ಆಗಸ್ಟ್‌ನಲ್ಲಿ 28 ತುಂಬಿತ್ತು. ನಾನು ಯುವಕ ಅಲ್ಲ ಅಂತ ಮೊದಲು ಹೇಳಿದ್ದು ನಮ್ಮ ಅತ್ತೆ, ಎರಡನೇದು ಈ ವೆಬ್‌ಸೈಟು.

ಕೊನೆಗೆ ನಾವು ಪಾಸ್ ತಗೊಳ್ಳಲೇ ಇಲ್ಲ. ಶೀಟ್ ತೆಗೆದು ಲೆಕ್ಕ ಹಾಕಿದೆ. ದಿನಾಂಕ ಮೊದಲೇ ಗಟ್ಟಿ ಇದ್ದು, ದೊಡ್ಡ ಪ್ರಯಾಣ ನಾಲ್ಕೇ ಇದ್ರೆ, ಒಂದೂವರೆ ಎರಡು ತಿಂಗಳು ಮುಂಚೆ ಬಿಡಿ ಟಿಕೆಟ್ ತಗೊಳ್ಳೋದೇ ಅಗ್ಗ. ವಿಮಾನದ ಟಿಕೆಟ್ ಥರಾನೇ ಅಲ್ಲಿ ರೈಲಿನ ರೇಟೂ ದಿನ ಹತ್ತಿರ ಬಂದಂತೆ ಏರುತ್ತೆ. ಅಗ್ಗದ ಟಿಕೆಟ್ಟಿಗೆ ಒಂದು ಕಟ್ಟು ಇದೆ: ಅದೇ ರೈಲು ಹತ್ತಬೇಕು, ತಪ್ಪಿದ್ರೆ ದುಡ್ಡು ಹೋಯ್ತು. ಇವತ್ತು ಇಲ್ಲಿ, ನಾಳೆ ಮನಸ್ಸು ಬಂದ ಕಡೆ ಅನ್ನೋ ಜಾಯಮಾನದವರಿಗೆ ಪಾಸ್ ಸರಿ. ಆದ್ರೂ ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಲ್ಲಿ ಪಾಸ್ ಇದ್ರೂ ಸೀಟ್ ಕಾದಿರಿಸೋಕೆ ಬೇರೆ ದುಡ್ಡು ಕೊಡಬೇಕು, ಇದನ್ನ ರೀಲ್ ಮಾಡೋರು ಹೇಳಲ್ಲ.

ಜರ್ಮನಿಯ ಒಳಗೆ ಓಡಾಡೋಕೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಅಂತ ಇದೆ. 2023ರ ಮೇನಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ, ನಾವು ಹೋದಾಗ 58, 2026ರ ಜನವರಿಯಿಂದ 63. ದೇಶದ ಯಾವ ಊರಿನ ಸಿಟಿ ಬಸ್, ಟ್ರಾಮ್, ಮೆಟ್ರೋ, ಪ್ಯಾಸೆಂಜರ್ ರೈಲಾದರೂ ಹತ್ತಬಹುದು. ವೇಗದ ಐಸಿಇ ಹತ್ತೋ ಹಾಗಿಲ್ಲ. ಯುರೋಪ್ ಅಂದ್ರೆ ಗಡಿಯಾರ ಇಟ್ಟಂಗೆ ರೈಲು ಅಂದ್ಕೊಂಡವರಿಗೆ ಒಂದು ಸುದ್ದಿ: 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ. 62.5 ಮಾತ್ರ. ಅದೂ ಆರು ನಿಮಿಷದೊಳಗಿನ ತಡವನ್ನ ತಡ ಅಂತ ಲೆಕ್ಕಕ್ಕೇ ತಗೊಳ್ಳದೆ. ಮಂಡ್ಯ ಇದನ್ನ ಹೇಳಿ, "ನಮ್ ಟ್ರೈನೇ ವಾಸಿ ಕಣ್ಲಾ, ಲೇಟಾದ್ರೆ ಕಾಪಿ ಮಾರೋನಾದ್ರೂ ಬತ್ತಾನೆ" ಅಂದ.

ಈಗ ಡಬ್ಬಿ ಕಥೆ.

ಹೊರಡೋ ಹಿಂದಿನ ವಾರ ದಾವಣಗೆರೆಗೆ ಹೋಗಿದ್ದೆ. ಬೆಂಚ್‌ಮೇಟ್‌ನ ಅಮ್ಮ ಒಂದು ಸ್ಟೀಲ್ ಡಬ್ಬಿ, ಒಂದು ಚೀಲ ಕೊಟ್ರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಧಾರವಾಡ ಪೇಡೆ ಕೂಡ ಇತ್ತು, ಅದನ್ನ ನಾನೇ ವಾಪಸ್ ಕೊಟ್ಟೆ. ಹೊರಗಿನ ದೇಶದಿಂದ ಬರೋರು ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ ಅನ್ನೋದು ಯುರೋಪಿಯನ್ ಒಕ್ಕೂಟದ ನಿಯಮ. "ಪೇಡೆ ತಿಂದ್ರೆ ಅವ್ರಿಗೇನಂತೆ?" ಅಂತ ಅಮ್ಮ ಕೇಳಿದ್ರು, ನನ್ನ ಹತ್ರ ಉತ್ತರ ಇರಲಿಲ್ಲ. ಗೇಟ್ ತನಕ ಬಂದು ಹೇಳಿದ್ದು ಮಾತ್ರ ಇಷ್ಟು: "ಸರಿಯಾಗಿ ಉಣ್ತಾನಾ ಇಲ್ವಾ ನೋಡ್ಕಂಡ್ ಬಾರಪ್ಪ. ಫೋನಲ್ಲಿ ಮುಖ ಸಣ್ಣಗ್ ಕಾಣ್ತತಿ."

ಬರ್ಲಿನ್‌ನಿಂದ ಪ್ರಾಗ್‌ಗೆ ನಾಲ್ಕು ನಾಲ್ಕೂವರೆ ಗಂಟೆ. ಡ್ರೆಸ್ಡೆನ್ ದಾಟಿದ ಮೇಲೆ ಎಲ್ಬೆ ನದಿ ಪಕ್ಕಕ್ಕೆ ಬರುತ್ತೆ. ಆಮೇಲೆ ತುಂಬಾ ಹೊತ್ತು ರೈಲು, ನದಿ ಎರಡೂ ಜೊತೆಜೊತೆಗೇ ತಿರುಗ್ತಾ ಹೋಗ್ತವೆ, ಎರಡೂ ಕಡೆ ಮರಳುಗಲ್ಲಿನ ಬಂಡೆ. ದಯವಿಟ್ಟು ಹೋಗುವಾಗ ಎಡಗಡೆ ಕಿಟಕಿ ಹಿಡೀರಿ. ನಾವು ಅಲ್ಲೇ ರೊಟ್ಟಿ ಮುರಿದ್ವಿ. ಖಡಕ್ ರೊಟ್ಟಿ ಮುರಿಯೋ ಸದ್ದು ಆ ನಿಶ್ಶಬ್ದ ಡಬ್ಬಿಯಲ್ಲಿ ಪಟಾಕಿ ಥರ ಕೇಳಿಸ್ತು. ಎದುರಿಗಿದ್ದ ಅಜ್ಜಿ ನೋಡಿದ್ರು. ಶಿರಸಿ ಒಂದು ಚೂರು ಕೊಟ್ಲು, ಅಜ್ಜಿ ತಿಂದು, ಚಟ್ನಿಪುಡಿ ಕಡೆ ಬೆರಳು ತೋರಿಸಿ ಇನ್ನೊಂಚೂರು ಕೇಳಿದ್ರು. ಬೆಂಚ್‌ಮೇಟ್ ಮೂರು ರೊಟ್ಟಿ ತಿಂದ. ನಾನದನ್ನ ಎಣಿಸಿದ್ದೆ, ಅಮ್ಮನಿಗೆ ವರದಿ ಕೊಡಬೇಕಲ್ಲ. ಚೆನ್ನಾಗೇ ಉಣ್ತಾನೆ ಅಂದ್ಕೊಂಡೆ.

ಪ್ರಾಗ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರೂ ಹೇಳಿಯಾಗಿದೆ. ಚಾರ್ಲ್ಸ್ ಸೇತುವೆ 1357ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಅಂದ್ರೆ ವಿಜಯನಗರ ಶುರುವಾಗಿ ಇಪ್ಪತ್ತು ವರ್ಷಕ್ಕೆ. ಬೆಳಿಗ್ಗೆ ಆರಕ್ಕೆ ಹೋಗಿ, ಹತ್ತಕ್ಕೆ ಹೋದ್ರೆ ಮೆಜೆಸ್ಟಿಕ್. ದುಡ್ಡು ಬದಲಿಸೋ ಅಂಗಡಿಗಳು "ಕಮಿಷನ್ ಸೊನ್ನೆ" ಅಂತ ಬೋರ್ಡ್ ಹಾಕಿದ್ರೆ ರೇಟ್ ನೋಡಿ, ಕಮಿಷನ್ ಅಲ್ಲೇ ಅಡಗಿರುತ್ತೆ. ಅಲ್ಲಿ ಯೂರೋ ಅಲ್ಲ, ಕೊರುನಾ. ಹಂಗೇರಿಯಲ್ಲಿ ಫೋರಿಂಟ್. ನನ್ನ ಶೀಟ್‌ನಲ್ಲಿ ರೂಪಾಯಿ ಸೇರಿ ನಾಲ್ಕು ಕರೆನ್ಸಿ, ನಾಲ್ಕು ಬಣ್ಣ. ನನಗೆ ಆ ಶೀಟ್ ಮೇಲೆ ಬಹಳ ಹೆಮ್ಮೆ ಇತ್ತು. ಯಾರೇ ಏನೇ ಖರ್ಚು ಮಾಡಿದ್ರೂ ಹಾಕೋದು, ನಾಲ್ಕರಿಂದ ಭಾಗಿಸೋದು. ಸರಳ.

ವಿಯೆನ್ನಾದಲ್ಲಿ ಮೊದಲ ಸಲ ಏನೋ ತಪ್ಪು ಕಾಣಬೇಕಿತ್ತು. ಕಾಣಲಿಲ್ಲ.

ಆ ಊರಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಬರುತ್ತೆ. ಮೊದಲ ಕೊಳವೆ ಮಾರ್ಗ 1873ರಲ್ಲಿ ಶುರುವಾಯ್ತು, ಪಂಪ್ ಇಲ್ಲ, ಇಳಿಜಾರಲ್ಲೇ ಹರಿದು ಬರೋದು. ಬೀದಿಯಲ್ಲೇ ಕುಡಿಯೋ ನೀರಿನ ನಲ್ಲಿಗಳಿವೆ. ಬೆಂಚ್‌ಮೇಟ್ ಪ್ರತಿ ನಲ್ಲಿ ಹತ್ರ ನಿಲ್ತಿದ್ದ, ಬಾಟಲಿ ತುಂಬಿಸ್ತಿದ್ದ, ಒಂದು ಬಾಟಲಿ ಅಲ್ಲೇ ಕುಡೀತಿದ್ದ. ನಾನು ಅದನ್ನ ರೀಲ್ ಮಾಡಿ "ನೀರಿನ ಅಭಿಮಾನಿ" ಅಂತ ಹಾಕಿದ್ದೆ. ನೀವು ಕೆಲವರು ನಗೋ ಎಮೋಜಿ ಹಾಕಿದ್ರಿ. ಆ ರೀಲ್ ಈಗ ಇಲ್ಲ, ಅಳಿಸಿದ್ದೀನಿ.

ಅವತ್ತು ಸಂಜೆ ಒಪೆರಾ. ಆ ಕಟ್ಟಡ 1869ರದ್ದು, ಎರಡನೇ ಮಹಾಯುದ್ಧದ ಕೊನೆಗೆ, 1945ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಸುಟ್ಟಿತ್ತು, ಹತ್ತು ವರ್ಷ ಬಿಟ್ಟು 1955ರಲ್ಲಿ ಮತ್ತೆ ತೆರೆದರು. ಅಲ್ಲಿ ನಿಂತು ನೋಡೋರಿಗೆ ಬೇರೆ ಟಿಕೆಟ್ ಇದೆ, ಸಿನಿಮಾ ಟಿಕೆಟ್‌ನಂಥ ರೇಟಿಗೆ. ನಿಮ್ಮ ಜಾಗದ ಕಂಬಿಗೆ ಒಂದು ಶಾಲು ಕಟ್ಟಿ ಹೋದ್ರೆ ಸಾಕು, ಆ ಜಾಗ ನಿಮ್ಮದೇ, ಯಾರೂ ಮುಟ್ಟಲ್ಲ. ಥೇಟ್ ನಮ್ಮ ಬಸ್ಸಿನ ಕರ್ಚೀಫ್! ಬೆಂಚ್‌ಮೇಟ್, "ನಂಗೆ ತಲೆನೋವು, ನೀವು ಹೋಗ್ಬನ್ನಿ" ಅಂದ. ಮಧ್ಯಾಹ್ನ ಅರಮನೆಗೂ ಬಂದಿರಲಿಲ್ಲ, ತೋಟದಲ್ಲೇ ಕೂತಿದ್ದ, ತೋಟಕ್ಕೆ ಟಿಕೆಟ್ ಇಲ್ಲ. ಎರಡನ್ನೂ ಕೂಡಿಸಿ ನೋಡೋಕೆ ಬಿಕಾಂ ಬೇಕಾಗಿಲ್ಲ. ನಾನು ಕೂಡಿಸಲಿಲ್ಲ. ಬದಲಿಗೆ, "ದುಡ್ಡು ಕೊಟ್ಟು ಬಂದು ಮಲಗ್ತಾನೆ" ಅಂತ ರೇಗಿಸಿದೆ.

ಬುಡಾಪೆಸ್ಟ್.

ವಿಯೆನ್ನಾದಿಂದ ಎರಡೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ. ಕೆಲೆಟಿ ಅನ್ನೋ ಸ್ಟೇಷನ್, 1884ರದ್ದು, ಮುಂದೆ ದೊಡ್ಡ ಕಮಾನು. ಊರು ಉಳಿದವೆರಡಕ್ಕಿಂತ ಅಗ್ಗ, ಅದಕ್ಕೇ ಎಲ್ಲರೂ ಹಗುರಾಗಿದ್ವಿ. ಲಾಂಗೋಶ್ ಅಂತ ಸಿಗುತ್ತೆ, ದೊಡ್ಡ ಪೂರಿ ಅಂದ್ಕೊಳ್ಳಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. "ಮಾರಾಯ, ಎಂಟು ದಿನಕ್ಕೆ ಮೊದಲ ಸಲ ಹೊಟ್ಟೆ ತುಂಬ್ತು" ಅಂದ್ಲು ಶಿರಸಿ, ಅವಳು ಶುದ್ಧ ಸಸ್ಯಾಹಾರಿ.

ಅಲ್ಲಿನ ಹಳೇ ಮೆಟ್ರೋ ಲೈನು 1896ರದ್ದು, ಯುರೋಪ್ ಖಂಡದ ನೆಲದ ಮೇಲೆ ಮೊದಲನೇದು. ಲಂಡನ್ ಮೊದಲು, ಆದರೆ ಅದು ದ್ವೀಪ. ಪುಟ್ಟ ಹಳದಿ ರೈಲು, ರಸ್ತೆಯಿಂದ ಹತ್ತಿಪ್ಪತ್ತು ಮೆಟ್ಟಿಲು ಇಳಿದ್ರೆ ಪ್ಲಾಟ್‌ಫಾರ್ಮ್. ಅಲ್ಲಿ ನಮ್ಮ ಮೆಟ್ರೋ ಥರ ಗೇಟ್ ಇಲ್ಲ. ಕಾಗದದ ಟಿಕೆಟ್ ತಗೊಂಡು, ಗೋಡೆ ಪಕ್ಕದ ಯಂತ್ರದಲ್ಲಿ ತೂರಿಸಿ ಗುರುತು ಹಾಕಿಸಿಕೊಳ್ಳಬೇಕು. ಹಾಕಿಸದಿದ್ರೆ ಟಿಕೆಟ್ ಇದ್ರೂ ಇಲ್ಲದಂಗೆ. ಮೂವರು ಹಾಕಿಸಿದ್ವಿ. ಅವನು ಮರೆತ. ಇಳಿಯೋ ಕಡೆ ತಪಾಸಣೆಯವರು ನಿಂತಿದ್ರು. ಟಿಕೆಟ್ ತೋರಿಸಿದ, ಇದಕ್ಕೆ ಗುರುತಿಲ್ಲ ಅಂದ್ರು, ದಂಡ, ಇಲ್ಲೇ ಕಟ್ಟಿ ಅಂದ್ರು. ತಪ್ಪು ನಮ್ಮದೇ, ವಾದ ಮಾಡೋ ಹಾಗಿರಲಿಲ್ಲ.

ಕಾರ್ಡ್ ಕೊಟ್ಟ. ಯಂತ್ರ ಒಪ್ಪಲಿಲ್ಲ. ಇನ್ನೊಂದ್ಸಲ. ಒಪ್ಪಲಿಲ್ಲ. "ನೆಟ್‌ವರ್ಕ್ ಇರ್ಬೇಕು ಮಗಾ" ಅಂದ. ಆ ತಪಾಸಣೆಯವರು ಮೆಷಿನ್ ತಿರುಗಿಸಿ ನಮಗೇ ತೋರಿಸಿದ್ರು. ಹಂಗೇರಿಯನ್ ನನಗೆ ಬರಲ್ಲ, ಆದರೂ ಅಲ್ಲಿ ಬರೆದಿದ್ದು ನೆಟ್‌ವರ್ಕ್ ಅಂತ ಅಲ್ಲ ಅನ್ನೋದು ಅರ್ಥ ಆಯ್ತು. ನಾನು ಕಟ್ಟಿದೆ. ಕಟ್ಟಿ, ಕೈ ಅಭ್ಯಾಸಕ್ಕೆ ಫೋನ್ ತೆಗೆದು ಶೀಟ್‌ನಲ್ಲಿ ಹಾಕಿದೆ, ಅವನ ಹೆಸರಿನ ಮುಂದೆ. ಅವನು ಅದನ್ನ ನೋಡಿದ. ನನಗೆ ಇವತ್ತಿಗೂ ಆ ಕ್ಷಣ ನೆನೆಸ್ಕೊಂಡ್ರೆ ಒಂಥರಾ ಆಗುತ್ತೆ. ದಂಡ ಕಟ್ಟಿದ್ದಕ್ಕಲ್ಲ, ಟೈಪ್ ಮಾಡಿದ್ದಕ್ಕೆ.

ಅವತ್ತು ಸಂಜೆ ಡ್ಯಾನ್ಯೂಬ್ ದಡದಲ್ಲಿ ಕಬ್ಬಿಣದ ಚಪ್ಪಲಿಗಳಿರೋ ಜಾಗಕ್ಕೆ ಹೋದ್ವಿ. ಅರವತ್ತು ಜೊತೆ ಬೂಟು, ನದಿ ಕಡೆ ಮುಖ ಮಾಡಿ. 1944-45ರ ಚಳಿಗಾಲದಲ್ಲಿ ಅಲ್ಲಿನ ಫ್ಯಾಸಿಸ್ಟ್ ಪಡೆಯವರು ಯಹೂದಿಗಳನ್ನ ದಡದಲ್ಲಿ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸಿದ್ರು. ಸ್ಮಾರಕ 2005ರಲ್ಲಿ ಆಗಿದ್ದು. ಅದರಲ್ಲಿ ಮಕ್ಕಳ ಚಪ್ಪಲಿನೂ ಇವೆ. ಅಲ್ಲಿ ಯಾರೂ ಏನೂ ಮಾತಾಡಲಿಲ್ಲ. ನಾನು ರೆಕಾರ್ಡರ್ ಆನ್ ಮಾಡಿದ್ದೆ, ಆಫ್ ಮಾಡಿದೆ.

ರಾತ್ರಿ ಹಾಸ್ಟೆಲ್ ಅಡುಗೆಮನೆ. ಮಂಡ್ಯ, ಶಿರಸಿ ಮಲಗಿದ್ರು. ಬೆಂಚ್‌ಮೇಟ್ ಡಬ್ಬಿ ತೆಗೆದು, ಬ್ರೆಡ್ಡಿಗೆ ಚಟ್ನಿಪುಡಿ ಹಚ್ಕೊಂಡು ತಿಂತಿದ್ದ. ನಾನು ಕೂತೆ. "ಎಷ್ಟಿದೆ ಅಕೌಂಟಲ್ಲಿ?" ಅಂದೆ. "ಹನ್ನೊಂದು" ಅಂದ. ಹನ್ನೊಂದು ಯೂರೋ.

ಇದು ಹೇಗಾಗುತ್ತೆ ಅಂತ ಹೇಳ್ತೀನಿ, ಹೊರಗೆ ಓದೋ ಯೋಚನೆ ಇರೋರು ಸ್ವಲ್ಪ ಕಿವಿಗೊಟ್ಟು ಕೇಳಿ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಅದು ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಇದೆ. ಆದರೆ ವೀಸಾ ಬೇಕಂದ್ರೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ಇಟ್ಟು ತೋರಿಸಬೇಕು. ತಿಂಗಳಿಗೆ 992ರಂತೆ 11,904 ಯೂರೋ. ಹತ್ತಿರ ಹತ್ತಿರ ಹನ್ನೆರಡು ಲಕ್ಷ ರೂಪಾಯಿ. ಪ್ರತಿ ತಿಂಗಳು ಅಷ್ಟಷ್ಟೇ ಬಿಡ್ತಾರೆ. ಎಲ್ಲರೂ ಆ ಮೊದಲ ವರ್ಷದ ದುಡ್ಡು ಹೊಂದಿಸೋದ್ರಲ್ಲೇ ಸುಸ್ತಾಗಿರ್ತಾರೆ. ಎರಡನೇ ವರ್ಷಕ್ಕೆ ಕಾರ್ಡ್ ನವೀಕರಿಸುವಾಗ ಮತ್ತೆ ತೋರಿಸಬೇಕು ಅನ್ನೋದು ಗೊತ್ತಿರುತ್ತೆ, "ಅಷ್ಟೊತ್ತಿಗೆ ಪಾರ್ಟ್ ಟೈಮ್ ಮಾಡಿ ಹೊಂದಿಸ್ತೀನಿ" ಅನ್ನೋ ಧೈರ್ಯ.

ಪಾರ್ಟ್ ಟೈಮಿಗೂ ಮಿತಿ ಇದೆ, ವರ್ಷಕ್ಕೆ 140 ಪೂರ್ತಿ ದಿನ. ಯೂನಿವರ್ಸಿಟಿಯ ಒಳಗೇ ಸಹಾಯಕನ ಕೆಲಸ ಸಿಕ್ಕಿದ್ರೆ ಅದು ಈ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಅದಕ್ಕೆ ಅಷ್ಟು ಪೈಪೋಟಿ. ಇವನು ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಮಾಡ್ತಿದ್ದ. ಜೂನ್‌ನಲ್ಲಿ ಅವರು ಶಿಫ್ಟ್ ಕಡಿಮೆ ಮಾಡಿದ್ರು, ಜುಲೈನಲ್ಲಿ ಕರೆಯೋದನ್ನೇ ನಿಲ್ಲಿಸಿದ್ರು. ಬಾಡಿಗೆ ನಿಲ್ಲಲ್ಲ.

ಇತ್ತ ದಾವಣಗೆರೆಯಲ್ಲಿ ಸಾಲ. ನಮ್ಮ ಬ್ಯಾಂಕ್‌ಗಳ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ದಾಟಿದ್ರೆ ಸಾಮಾನ್ಯವಾಗಿ ಅಡಮಾನ ಕೇಳ್ತಾರೆ. ಅವರ ಅಪ್ಪ ಮನೆಯನ್ನೇ ಇಟ್ಟಿದ್ದಾರೆ. ಓದು ಮುಗಿದು ಒಂದು ವರ್ಷದ ತನಕ ಕಂತು ಇರಲ್ಲ ಅಂತ ಎಲ್ಲರಿಗೂ ಗೊತ್ತು. ಬಡ್ಡಿ ಮೊದಲ ದಿನದಿಂದ ಬೆಳೀತಿರುತ್ತೆ ಅನ್ನೋದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ. ಉದಾಹರಣೆಗೆ ಹೇಳ್ತೀನಿ, ಅವನ ಅಂಕಿ ಅಲ್ಲ ಇದು: 25 ಲಕ್ಷ ಪೂರ್ತಿ ತಗೊಂಡಿದ್ದು, ಬಡ್ಡಿ ಶೇ. 10.5 ಆದ್ರೆ, ಬರೀ ಸರಳ ಬಡ್ಡಿನೇ ವರ್ಷಕ್ಕೆ 2,62,500. ತಿಂಗಳಿಗೆ 21,875. ಓದೋವಾಗ ಈ ಬಡ್ಡಿಯನ್ನಷ್ಟೇ ಮನೆಯವರು ಕಟ್ಕೊಂಡು ಹೋದ್ರೆ ಮುಂದೆ ಭಾರ ಕಡಿಮೆ. ಅವರಪ್ಪ ಕಟ್ತಿದ್ರು. ಅದಕ್ಕೇ ಇವನಿಗೆ ಮನೆಗೆ ಫೋನ್ ಮಾಡಿ ದುಡ್ಡು ಕೇಳೋಕೆ ಬಾಯಿ ಬರಲಿಲ್ಲ.

"ಮತ್ತೆ ಈ ಟ್ರಿಪ್ಪಿಗ್ಯಾಕೆ ಬಂದೆ?" ಅಂದೆ. ಅದು ಕೇಳಬಾರದ ಪ್ರಶ್ನೆ ಅಂತ ಕೇಳಿದ ಮೇಲೆ ಗೊತ್ತಾಯ್ತು.

"ನೀನು ಅಷ್ಟು ದೂರದಿಂದ ಬರ್ತಿದೀಯ. ಟಿಕೆಟ್ ಆಗ್ಲೇ ಬುಕ್ ಮಾಡಿದ್ದೆ. ಬರಲ್ಲ ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ನಮ್ಮಮ್ಮನಿಗೆ ಹೇಳ್ತಿದ್ದೆ."

ನಾನು ಆಗ ಏನು ಮಾಡಿದೆ ಗೊತ್ತಾ? ಫೋನ್ ತೆಗೆದು ಶೀಟ್‌ನಲ್ಲಿ ಅವನ ಬಾಕಿ ಎಲ್ಲ ಸೊನ್ನೆ ಮಾಡಿದೆ. ದೊಡ್ಡ ಉಪಕಾರ ಮಾಡಿದವನ ಥರ ತೋರಿಸಿದೆ. ಅವನಿಗೆ ಸಿಟ್ಟು ಬಂತು. ಹತ್ತನೇ ಕ್ಲಾಸಲ್ಲಿ ನನ್ನ ಜಾಮಿಟ್ರಿ ಬಾಕ್ಸ್ ಮುರಿದಾಗಿಂದ ಇಲ್ಲಿತನಕ ಅವನು ನನ್ನ ಮೇಲೆ ರೇಗಿದ್ದು ನಾನು ನೋಡಿಲ್ಲ. "ವಾಪಸ್ ಹಾಕು" ಅಂದ. "ಹಾಕು ಅಂದೆ. ನಾನು ಕೊಡ್ತೀನಿ. ಯಾವತ್ತು ಅಂತ ಕೇಳ್ಬೇಡ, ಅಷ್ಟೇ." ವಾಪಸ್ ಹಾಕಿದೆ. ಒಂದೊಂದೇ ಸಾಲು, ಅವನ ಎದುರಿಗೇ. ಒಪೆರಾ, ಅರಮನೆ ಅವನ ಪಾಲಲ್ಲಿ ಬಂದಿರೋದನ್ನ ಅವನೇ ಹಿಡಿದ. ಅವನು ನೋಡದೇ ಇದ್ದದ್ದಕ್ಕೂ ನನ್ನ ಶೀಟು ನಾಲ್ಕರಿಂದ ಭಾಗಿಸಿತ್ತು. ಅದನ್ನ ತೆಗೆದ್ವಿ. ಹಾಸ್ಟೆಲ್ ನಾನು ಹಠ ಮಾಡಿ ಆರಿಸಿದ್ದು, ಅವರು ಹೇಳಿದ್ದಕ್ಕಿಂತ ದುಬಾರಿ. ಆ ಹೆಚ್ಚಿನದ್ದನ್ನ ನನ್ನ ತಲೆಗೆ ಹಾಕ್ಕೊಂಡೆ, ಅದಕ್ಕೆ ಅವನು ಬೇಡ ಅನ್ನಲಿಲ್ಲ. ರಾತ್ರಿ ಎರಡೂವರೆಯಾಗಿತ್ತು. ಇಬ್ಬರು ಇಪ್ಪತ್ತೆಂಟರ ಗಡಿಯ ಗಂಡಸರು ಬುಡಾಪೆಸ್ಟ್‌ನ ಅಡುಗೆಮನೆಯಲ್ಲಿ ಪರೀಕ್ಷೆ ಹಿಂದಿನ ರಾತ್ರಿ ಥರ ಲೆಕ್ಕ ಮಾಡ್ತಿದ್ವಿ.

ಕೊನೇ ರೈಲು ಬುಡಾಪೆಸ್ಟ್‌ನಿಂದ ಮ್ಯೂನಿಕ್, ಹೆಚ್ಚುಕಮ್ಮಿ ಏಳು ಗಂಟೆ. ಷೆಂಗೆನ್ ಒಳಗೆ ಗಡಿ ಇಲ್ಲ ಅಂತ ಕೇಳಿರ್ತೀರಿ. ಆದರೆ 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಇಟ್ಟಿದೆ, ಆಸ್ಟ್ರಿಯಾ ಗಡಿಯಲ್ಲಂತೂ 2015ರಿಂದಲೇ ಇದೆ. ಸಾಲ್ಜ್‌ಬರ್ಗ್ ದಾಟಿದ ಮೇಲೆ ಪೊಲೀಸರು ಹತ್ತಿದ್ರು. ಪಾಸ್‌ಪೋರ್ಟ್ ಬ್ಯಾಗಿನ ತಳಕ್ಕೆ ಹಾಕಬೇಡಿ, ಮೂವರೂ ಹೇಳ್ತಾನೇ ಇದ್ರು, ನಾನು ಹಾಕಿದ್ದೆ, ಇಡೀ ಬ್ಯಾಗ್ ಸೀಟಿನ ಮೇಲೆ ಸುರಿದು ಹುಡುಕಬೇಕಾಯ್ತು. ಬೆಂಚ್‌ಮೇಟ್ ತನ್ನ ರೆಸಿಡೆನ್ಸ್ ಕಾರ್ಡ್ ಕೊಟ್ಟ. ಪೊಲೀಸ್ ಹೆಣ್ಣುಮಗಳು ಎರಡೂ ಕಡೆ ತಿರುಗಿಸಿ ನೋಡಿ, ಏನೋ ಒಂದು ಮಾತು ಹೇಳಿ ವಾಪಸ್ ಕೊಟ್ರು. "ಏನಂದ್ರು?" ಅಂದೆ. "ಬೇಗ ಅಪಾಯಿಂಟ್‌ಮೆಂಟ್ ತಗೋ ಅಂದ್ರು." ಕಾರ್ಡಿಗೆ ಇನ್ನು ಒಂಬತ್ತು ವಾರ ಇತ್ತು. ಆಗ ಮಂಡ್ಯನಿಗೂ ಶಿರಸಿಗೂ ಅವನೇ ಹೇಳಿದ. ಶಿರಸಿ ತನ್ನ ಪ್ರೊಫೆಸರ್ ಹತ್ರ ಸಹಾಯಕರ ಜಾಗ ಖಾಲಿಯಾಗೋದಿದೆ ಅಂದ್ಲು. ಮಂಡ್ಯ ಏನೂ ಹೇಳಲಿಲ್ಲ, ಊಟದ ಡಬ್ಬಿಗೆ ಹೋಗಿ ಎರಡು ಸೂಪ್ ತಂದು ಒಂದನ್ನ ಅವನ ಮುಂದೆ ಇಟ್ಟ. "ಇದುನ್ ಲೆಕ್ಕಕ್ ಹಾಕ್ದೆ ಅಂದ್ರೆ ನಿನ್ನ ಫೋನ್ ಆಚೆ ಎಸೀತೀನಿ" ಅಂದ, ನನ್ನ ಕಡೆ ನೋಡಿ.

ಮ್ಯೂನಿಕ್ ಪ್ಲಾಟ್‌ಫಾರ್ಮಲ್ಲಿ ಬೀಳ್ಕೊಟ್ವಿ. "ಅಮ್ಮನಿಗೆ ಹೇಳ್ಬೇಡ, ನಾನೇ ಹೇಳ್ತೀನಿ" ಅಂದ. ಖಾಲಿ ಡಬ್ಬಿ ನನ್ನ ಕೈಗೆ ಕೊಟ್ಟ.

ಊರಿಗೆ ಬಂದು ಹದಿನೈದು ದಿನ ನಾನು ದಾವಣಗೆರೆ ಕಡೆ ತಲೆ ಹಾಕಲಿಲ್ಲ, ಸುಳ್ಳು ಹೇಳೋಕೆ ನನಗೆ ಬರಲ್ಲ, ಮುಖದಲ್ಲಿ ಗೊತ್ತಾಗುತ್ತೆ. ದೀಪಾವಳಿಗೆ ಹೋಗಲೇಬೇಕಾಯ್ತು. ಅಷ್ಟರಲ್ಲಿ ಅವನು ಅಪ್ಪನ ಹತ್ರ ಮಾತಾಡಿದ್ದ. ಬ್ಯಾಂಕಿನಿಂದ ಸಾಲದ ಬಾಕಿ ಭಾಗ ಬಿಡಿಸೋಕೆ ಅರ್ಜಿ ಕೊಟ್ಟಿದ್ರು. ಆ ಸಹಾಯಕನ ಕೆಲಸ ನವೆಂಬರ್‌ನಲ್ಲಿ ಸಿಕ್ತು, ವಾರಕ್ಕೆ ಹತ್ತು ಗಂಟೆ. ಕಾರ್ಡ್ ಒಂದು ವರ್ಷಕ್ಕೆ ಮುಂದುವರೆದಿದೆ. ಥೀಸಿಸ್ ಬಾಕಿ, ಆಮೇಲೆ ಕೆಲಸ ಸಿಗುತ್ತೋ ಇಲ್ವೋ, ಅಲ್ಲಿ ಈಗ ಅದೂ ಸುಲಭ ಇಲ್ಲ. ನನಗೆ ಅವನು ಕೊಡಬೇಕಾದ್ದರಲ್ಲಿ ಜನವರಿಯಲ್ಲಿ ಮೊದಲ ಇಪ್ಪತ್ತು ಯೂರೋ ಬಂತು, ಶೀಟ್‌ನಲ್ಲಿ ಹಾಕಿದ್ದೀನಿ.

ಆದರೆ ಅಮ್ಮನಿಗೆ ಆಗ ಎಷ್ಟು ಗೊತ್ತಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ಒಳಗೆ ನೋಡಿದ್ರು. ಬೆಳಗ್ತಾ ಇತ್ತು, ಅವನು ಉಜ್ಜಿ ತೊಳೆದಿದ್ದ.

"ಪುಡಿ ಎಷ್ಟ್ ದಿನಕ್ ಖಾಲಿಯಾತಪ್ಪ?" ಅಂದ್ರು.

"ಹತ್ತು ದಿನ ಅಮ್ಮ."

"ಎರಡು ತಿಂಗಳಿಗೆ ಆಗೋವಷ್ಟು ಹಾಕಿದ್ದೆ" ಅಂದ್ರು. ಅಷ್ಟೇ. ಒಳಗೆ ಹೋಗಿ ಶೇಂಗಾ ಹುರಿಯೋಕೆ ಬಾಣಲೆ ಇಟ್ರು. ಫೆಬ್ರವರಿಯಲ್ಲಿ ಮಂಡ್ಯ ಊರಿಗೆ ಬರ್ತಿದ್ದಾನೆ, ವಾಪಸ್ ಹೋಗುವಾಗ ಅವನ ಕೈಲಿ ಎರಡು ಡಬ್ಬಿ ಇರುತ್ತೆ.

ಇವತ್ತಿಗೆ ಇಷ್ಟೇ. ಶೀಟ್‌ನ ಖಾಲಿ ಪ್ರತಿ ಬೇಕಾದವರು ಮೆಸೇಜ್ ಮಾಡಿ, ಹೊಸದರಲ್ಲಿ ಯಾರು ಯಾವುದಕ್ಕೆ ಬಂದಿಲ್ಲ ಅಂತ ಗುರುತು ಹಾಕೋ ಕಾಲಂ ಸೇರಿಸಿದ್ದೀನಿ. ಹೊರಗೆ ಓದ್ತಿರೋರು ಯಾರಾದ್ರೂ ಕೇಳ್ತಿದ್ರೆ, ನಿಮ್ಮ ಎರಡನೇ ವರ್ಷದ ಲೆಕ್ಕ ಹೇಗೆ ಹೊಂದಿಸಿದ್ರಿ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳಲ್ಲ. ಮುಂದಿನ ಗುರುವಾರ ಸಿಗೋಣ.